ಪಕ್ಕದ ಮನೆಯ ಅಪರಿಚಿತ

ಬರೀ 12 ದಿನ!

ಔಷಧಿ ಕೊಟ್ಟದ್ದು ಕ್ಯಾನ್ಸರಿಗೆ, ಏಟು ಬಿದ್ದದ್ದು ಹೃದಯಕ್ಕೆ. ಅಮೆರಿಕದ ಆ ಮಹಿಳೆಗೆ 65 ವರ್ಷ. ಮೆಲನೋಮ ಎಂಬ ಚರ್ಮದ ಕ್ಯಾನ್ಸರು ಬೇರೆ ಅಂಗಗಳಿಗೂ ಹರಡಿತ್ತು. ವೈದ್ಯರು ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎಂಬ ಎರಡು ಹೊಸ ಔಷಧಿಗಳನ್ನು ಒಟ್ಟಿಗೇ ಕೊಟ್ಟರು. ಮೊದಲ ಡೋಸ್ ಆಗಿ 12 ದಿನಕ್ಕೆ ಆಕೆ ಎದೆನೋವು, ಏದುಸಿರು, ತಡೆಯಲಾರದ ಸುಸ್ತು ಎಂದು ಮತ್ತೆ ಆಸ್ಪತ್ರೆಗೆ ಬಂದರು. ರಕ್ತದಲ್ಲಿ ಟ್ರೋಪೋನಿನ್ ಏರಿತ್ತು. ಎದೆನೋವು ಎಂದು ಹೋದರೆ ನಮ್ಮೂರ ಆಸ್ಪತ್ರೆಗಳಲ್ಲೂ ಮೊದಲು ಬರೆದುಕೊಡುತ್ತಾರಲ್ಲ, ಅದೇ ಟೆಸ್ಟು. ನೋಡನೋಡುತ್ತಿದ್ದಂತೆ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಇಳಿಯಬೇಕಾದ ವಿದ್ಯುತ್ ಸಂದೇಶ ನಡುದಾರಿಯಲ್ಲೇ ಕಡಿದುಹೋಯಿತು. ಸ್ಟೀರಾಯ್ಡ್ ಸುರಿದರೂ ಆಕೆ ಉಳಿಯಲಿಲ್ಲ. ಇನ್ನೊಬ್ಬರು 63 ವರ್ಷದ ಗಂಡಸು. ಅದೇ ಕ್ಯಾನ್ಸರು, ಅದೇ ಜೋಡಿ ಔಷಧಿ, 15ನೇ ದಿನಕ್ಕೆ ಅದೇ ಕಥೆ, ಅದೇ ಕೊನೆ.

ಮರಣಾನಂತರ ಆ ಹೃದಯಗಳ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಂಡದ್ದೇನು? ಸ್ನಾಯುವಿನ ಎಳೆ ಎಳೆಯ ನಡುವೆಯೂ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದ್ದ ಬಿಳಿ ರಕ್ತಕಣಗಳು. ರೋಗಾಣುವನ್ನು ಹುಡುಕಿ ಕೊಲ್ಲುವ ಟಿ ಕೋಶಗಳು, ಅವುಗಳ ಬೆನ್ನಿಗೇ ಬರುವ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು. ಪ್ರತಿ ಟಿ ಕೋಶದ ಮೈಮೇಲೂ ಹೆಬ್ಬೆಟ್ಟಿನ ಗುರುತಿನಷ್ಟೇ ವಿಶಿಷ್ಟವಾದ ಒಂದು ಗ್ರಾಹಕ ಇರುತ್ತದೆ. ಆ ಗುರುತನ್ನು ಓದಿ ನೋಡಿದರೆ, ಕ್ಯಾನ್ಸರ್ ಗಡ್ಡೆಯೊಳಗಿದ್ದ ಟಿ ಕೋಶಗಳ ಕುಲವೂ ಹೃದಯದೊಳಗೆ ನುಗ್ಗಿದ್ದ ಕುಲವೂ ಒಂದೇ! ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯರು ಮುಂದಾಳತ್ವ ವಹಿಸಿ ಈ ಎರಡು ಸಾವುಗಳ ವರದಿಯನ್ನು 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ನಿನಲ್ಲಿ ಪ್ರಕಟಿಸಿದಾಗ ಹೃದ್ರೋಗ ತಜ್ಞರೂ ಕ್ಯಾನ್ಸರ್ ತಜ್ಞರೂ ಒಟ್ಟಿಗೇ ಎದ್ದು ಕುಳಿತರು.

ಬೇಲಿಯೇ ಎದ್ದು ಹೊಲ ಮೇಯಿತು ಎಂದು ಬರೆದು ನಾನು ಇಲ್ಲಿಗೇ ನಿಲ್ಲಿಸಬಹುದು. ಸ್ವಂತ ದೇಹದ ಕಾವಲುಗಾರರೇ ದೇಹದ ಮೇಲೆ ಬೀಳುವ ಎಲ್ಲ ರೋಗಗಳಿಗೂ ನಾವು ಬರೆಯುವವರು ಈ ಗಾದೆಯನ್ನೇ ಹಚ್ಚಿಬಿಡುತ್ತೇವೆ. ಆದರೆ ಹೃದಯದ ವಿಷಯದಲ್ಲಿ ಗಾದೆ ಸುಳ್ಳು. ಬೇಲಿಗೆ ಯಾರೂ ಹೊಲವನ್ನು ತೋರಿಸಿಯೇ ಇರಲಿಲ್ಲ! ಈ ಮಾತು ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ, ನನಗೆ ಗೊತ್ತು. ಅದನ್ನು ಮೊದಲ ಸಲ ಓದಿದ ರಾತ್ರಿ ನಾನು ಎದೆಯ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಎಚ್ಚರವಾಗಿದ್ದೆ.

ನೀವೂ ಒಮ್ಮೆ ಇಟ್ಟು ನೋಡಿ. ಎದೆಯ ನಡುಮೂಳೆಯ ಮೇಲ್ಭಾಗಕ್ಕೆ ಅಂಗೈ ಒತ್ತಿ. ಆ ಮೂಳೆಯ ಹಿಂದೆ, ಹೃದಯದ ನೆತ್ತಿಗೆ ಒರಗಿಕೊಂಡು ಥೈಮಸ್ ಎಂಬ ಮೆತ್ತನೆಯ ಗ್ರಂಥಿ ಇದೆ. ಎಳೆಗೂಸಿನಲ್ಲಿ ಅದು ಎಷ್ಟು ದೊಡ್ಡದೆಂದರೆ, ಮಕ್ಕಳ ಹೃದಯದ ಆಪರೇಷನ್ನಿಗೆ ಎದೆ ತೆರೆದ ಸರ್ಜನ್ನರಿಗೆ ಮೊದಲು ಅಡ್ಡ ಬರುವುದೇ ಥೈಮಸ್. ಅದನ್ನು ಸರಿಸಿಯೋ ಕೊಂಚ ಕತ್ತರಿಸಿಯೋ ಅವರು ಹೃದಯವನ್ನು ಮುಟ್ಟಬೇಕು. ಹರೆಯ ದಾಟಿದ ಮೇಲೆ ಅದು ಮೆಲ್ಲಗೆ ಕುಗ್ಗಿ ಕೊಬ್ಬಾಗುತ್ತದೆ.

ಈ ಥೈಮಸ್ ಟಿ ಕೋಶಗಳ ಗರಡಿಮನೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶಗಳು ಇಲ್ಲಿಗೆ ಬಂದು ಪಳಗಬೇಕು. ಎಂಥ ಗರಡಿ ಅಂತೀರಿ! ಸೇರಿದ ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಕೋಶಗಳು ಹೊರಗೆ ಕಾಲಿಡುವ ಮೊದಲೇ ಸಾಯುತ್ತವೆ. ಒಂದು ಪರೀಕ್ಷೆ ಹೀಗೆ: ಗರಡಿಯ ಉಸ್ತಾದರು, ಅಂದರೆ ಥೈಮಸ್ಸಿನ ಒಳಪದರದ ಕೋಶಗಳು, ದೇಹದ ಬೇರೆ ಬೇರೆ ಅಂಗಗಳ ಪ್ರೋಟೀನುಗಳನ್ನು ತಾವೇ ಚೂರು ಚೂರು ತಯಾರಿಸಿ ಕಲಿಯುವವರ ಮುಂದೆ ಹಿಡಿಯುತ್ತಾರೆ. ಇದು ಮೇದೋಜೀರಕದ ಇನ್ಸುಲಿನ್, ಇದು ಥೈರಾಯ್ಡಿನದ್ದು, ಇದು ಕಣ್ಣಿನದ್ದು. ಇವರೆಲ್ಲ ನಮ್ಮವರು, ಕೈಮಾಡಕೂಡದು. ಯಾವ ಕೋಶ ಇವುಗಳನ್ನು ಕಂಡು ಮೈಮೇಲೆ ಬೀಳಲು ಹವಣಿಸುತ್ತದೋ ಅದಕ್ಕೆ ಅಲ್ಲೇ ಮರಣದಂಡನೆ! ಎದೆಯೊಳಗಿನ ಒಂದು ಗ್ರಂಥಿ ಕಣ್ಣಿನ ಪ್ರೋಟೀನನ್ನು ಯಾಕೆ ತಯಾರಿಸಬೇಕು? ಪಾಠ ಹೇಳಲಿಕ್ಕೆ, ಇನ್ನೇತಕ್ಕೂ ಅಲ್ಲ. ಸಾವಿರಾರು ಅಂಗಪ್ರೋಟೀನುಗಳನ್ನು ಹೀಗೆ ಒಂದೇ ಕಡೆ ಹರವಿಡುವ ಕೆಲಸದ ಮೇಸ್ತ್ರಿ ಐರ್ ಎಂಬ ಜೀನ್. ಅದನ್ನು ಗುರುತಿಸಿದ್ದು 1997ರಲ್ಲಿ.

ಈಗ ಕೇಳಿ. ಹೃದಯ ಮಿಡಿಯುವುದು ಮಯೋಸಿನ್ ಎಂಬ ಪ್ರೋಟೀನಿನ ಎಳೆದಾಟದಿಂದ. ಅದರಲ್ಲಿ ಆಲ್ಫಾ ಮಯೋಸಿನ್ ಎಂಬ ಬಗೆ ಹೃದಯಕ್ಕೇ ಮೀಸಲು ಎನ್ನುವಷ್ಟು ಹೃದಯದ್ದು. 2011ರಲ್ಲಿ ಬೋಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದ ಮೈರಾ ಲೈಪ್ಸ್ ಅವರ ತಂಡ ಇಲಿಗಳ ಥೈಮಸ್ಸಿನಲ್ಲಿ ಈ ಆಲ್ಫಾ ಮಯೋಸಿನ್ನಿಗಾಗಿ ಹುಡುಕಿತು. ಇಲ್ಲ. ಮನುಷ್ಯರ ಥೈಮಸ್ಸಿನಲ್ಲಿ ಹುಡುಕಿತು. ಅಲ್ಲೂ ಇಲ್ಲ! ದೂರದ ಕಣ್ಣು, ಹೊಟ್ಟೆ, ಥೈರಾಯ್ಡುಗಳ ಗುರುತು ಹೇಳಿಕೊಡುವ ಗರಡಿ, ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯವನ ಈ ಒಂದು ಗುರುತನ್ನು ಮಾತ್ರ ಹೇಳಿಕೊಡುತ್ತಿಲ್ಲ. ಮಿಡಿತದ ಸದ್ದು ದಿನವಿಡೀ ಕಿವಿಗೆ ಬೀಳುವಷ್ಟು ಹತ್ತಿರದವನೇ ಅಪರಿಚಿತ.

ಪರಿಣಾಮ? ಹೃದಯದ ಮೇಲೆ ಬೀಳಬಲ್ಲ ಟಿ ಕೋಶಗಳು ಪರೀಕ್ಷೆಯನ್ನೇ ಬರೆಯದೆ ಪಾಸಾಗಿ ರಕ್ತಕ್ಕೆ ಇಳಿಯುತ್ತವೆ. ರೋಗಿಗಳಲ್ಲಿ ಮಾತ್ರ ಅಂದುಕೊಳ್ಳಬೇಡಿ. ಆರೋಗ್ಯವಂತರ ರಕ್ತದಲ್ಲೂ ಆಲ್ಫಾ ಮಯೋಸಿನ್ನನ್ನು ಗುರಿಹಿಡಿಯಬಲ್ಲ ಕೋಶಗಳು ಧಾರಾಳವಾಗಿ ಸಿಕ್ಕಿದವು. ಇದನ್ನು ಬರೆಯುತ್ತಿರುವ ನನ್ನಲ್ಲೂ, ಓದುತ್ತಿರುವ ನಿಮ್ಮಲ್ಲೂ ಇವು ಈ ಹೊತ್ತಿಗೂ ಸುತ್ತು ಹೊಡೆಯುತ್ತಿರಬೇಕು. ಆ ತಂಡ ಇನ್ನೊಂದು ಕಿಲಾಡಿ ಪ್ರಯೋಗ ಮಾಡಿತು. ಹೃದಯದ ಉರಿಯೂತ ಬರುವ ತಳಿಯ ಇಲಿಗಳಲ್ಲಿ, ಥೈಮಸ್ಸಿನ ಉಸ್ತಾದ್ ಕೋಶಗಳೇ ಆಲ್ಫಾ ಮಯೋಸಿನ್ ತಯಾರಿಸುವಂತೆ ಜೀನ್ ಬದಲಿಸಿತು. ಪಕ್ಕದ ಮನೆಯವನ ಫೋಟೋ ಗರಡಿಯ ಗೋಡೆಗೆ ಬಂತು, ಅಷ್ಟೇ. ಆ ಇಲಿಗಳಿಗೆ ರೋಗ ಬರಲೇ ಇಲ್ಲ!

ಹಾಗಾದರೆ ನಮಗೆಲ್ಲ ಯಾಕೆ ಹೃದಯ ಉರಿಯುತ್ತಿಲ್ಲ?

ಲಗಾಮು ಇದೆ, ಅದಕ್ಕೆ. ಟಿ ಕೋಶದ ಮೈಮೇಲೆ ಪಿಡಿ-1, ಸಿಟಿಎಲ್‌ಎ-4 ಎಂಬ ಎರಡು ಬ್ರೇಕುಗಳಿವೆ. ಕೋಶ ರೊಚ್ಚಿಗೆದ್ದಾಗ ಇವು ತಣ್ಣಗಾಗಿಸುತ್ತವೆ. ಕ್ಯಾನ್ಸರ್ ಗಡ್ಡೆ ಬಲು ಜಾಣ, ಈ ಬ್ರೇಕನ್ನು ತಾನೇ ಒತ್ತಿ ಹಿಡಿದು ಟಿ ಕೋಶಗಳನ್ನು ಮಂಕಾಗಿಸುತ್ತದೆ. ಬ್ರೇಕನ್ನೇ ಕಿತ್ತರೆ? ಕ್ಯಾನ್ಸರ್ ಕರಗೀತು! ಆ ಅಮೆರಿಕನ್ ಮಹಿಳೆಗೆ ಕೊಟ್ಟದ್ದು ಬ್ರೇಕ್ ಕೀಳುವ ಔಷಧಿಗಳನ್ನೇ. ನಿವೊಲುಮ್ಯಾಬ್ ಪಿಡಿ-1ಕ್ಕೆ, ಇಪಿಲಿಮುಮ್ಯಾಬ್ ಸಿಟಿಎಲ್‌ಎ-4ಕ್ಕೆ. ಹೆಸರಿನ ಕೊನೆಯ 'ಮ್ಯಾಬ್' ಅಂದರೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಪ್ರತಿಕಾಯ ಎಂದು. ಪ್ರತಿಕಾಯವನ್ನು ಔಷಧಿಯಾಗಿ ಕೊಟ್ಟು, ಟಿ ಕೋಶದ ಬ್ರೇಕ್ ತೆಗೆದು, ಕ್ಯಾನ್ಸರಿನ ಮೇಲೆ ಬಿಡುವುದು. ಎಷ್ಟೋ ಜನ ಇದರಿಂದ ಬದುಕಿದ್ದಾರೆ, ಅದನ್ನು ಮರೆಯಬಾರದು. ಹೃದಯ ಉರಿಯುವುದು ನೂರಕ್ಕೆ ಒಬ್ಬರ ಆಸುಪಾಸು, ಬಹುಶಃ ಅದಕ್ಕಿಂತಲೂ ಕಡಿಮೆ. ಆದರೆ ಉರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯಲಿಲ್ಲ ಎಂಬುದು ಆರಂಭದ ವರ್ಷಗಳ ಲೆಕ್ಕ.

ನನಗೆ ಮೈ ಜುಂ ಎನ್ನಿಸಿದ್ದು ಇಲ್ಲಿ. ಈ ಅಪಾಯವನ್ನು ಇಲಿಗಳು 15 ವರ್ಷ ಮೊದಲೇ ಹೇಳಿದ್ದವು! ಪಿಡಿ-1 ಅನ್ನು 1992ರಲ್ಲಿ ಕಂಡುಹಿಡಿದದ್ದು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ, ತಾಸುಕು ಹೋಂಜೊ ಅವರ ಪ್ರಯೋಗಶಾಲೆಯಲ್ಲಿ. ಮುಂದೆ 2018ರಲ್ಲಿ ಜೇಮ್ಸ್ ಆಲಿಸನ್ ಜತೆ ನೊಬೆಲ್ ಹಂಚಿಕೊಂಡರಲ್ಲ, ಅವರೇ. ಪಿಡಿ-1 ಜೀನನ್ನೇ ಕಿತ್ತುಹಾಕಿದ ಇಲಿಗಳನ್ನು ಅವರ ತಂಡ ಬೆಳೆಸಿತು. ಒಂದು ತಳಿಯಲ್ಲಿ, ದೇಹ ತನ್ನ ಮೇಲೆಯೇ ಬೀಳುವ ಲೂಪಸ್ಸನ್ನು ಹೋಲುವ ರೋಗ ಬಂತು. ಬಾಲ್ಬ್-ಸಿ ಎಂಬ ಇನ್ನೊಂದು ತಳಿಯಲ್ಲಿ, ಕಿತ್ತದ್ದು ಅದೇ ಜೀನ್, ಹೃದಯ ಬಲೂನಿನಂತೆ ಉಬ್ಬಿ ಸೋತು ಇಲಿಗಳು ಸತ್ತವು. 2001ರ ಮಾತು ಇದು. ಹೃದಯದ ಗೋಡೆಗಳಿಗೆ ಪ್ರತಿಕಾಯಗಳು ಅಂಟಿಕೊಂಡಿದ್ದವು. ಯಾವುದರ ವಿರುದ್ಧದ ಪ್ರತಿಕಾಯ? ಎರಡು ವರ್ಷ ಹುಡುಕಿ 2003ರಲ್ಲಿ ಉತ್ತರ ಕೊಟ್ಟರು: ಟ್ರೋಪೋನಿನ್! ಹೃದಯ ನೊಂದಿದೆಯೇ ಎಂದು ತಿಳಿಯಲು ವೈದ್ಯರು ರಕ್ತದಲ್ಲಿ ಅಳೆಯುವ ಪ್ರೋಟೀನೇ ಅಲ್ಲಿ ದಾಳಿಯ ಗುರಿ.

ನೆನಪಿಡಿ, ಇಲಿಯ ಹೃದಯ ಕೆಡಿಸಿದ್ದು ಪ್ರತಿಕಾಯ. ಆದರೆ 2016ರ ರೋಗಿಗಳ ಹೃದಯದಲ್ಲಿ ಕಂಡದ್ದು ಟಿ ಕೋಶಗಳ ದಂಡು. ಕಿತ್ತದ್ದು ಅದೇ ಬ್ರೇಕು, ಎದ್ದ ಆಯುಧ ಬೇರೆ. ಆ ದಂಡು ಯಾವುದನ್ನು ಹುಡುಕಿಕೊಂಡು ಬಂದಿತ್ತು ಎಂಬ ಒಗಟು ಬಿಡಿಸಲು ಇನ್ನೂ ಆರು ವರ್ಷ ಬೇಕಾಯಿತು. ವ್ಯಾಂಡರ್‌ಬಿಲ್ಟಿನವರೇ ಪಿಡಿ-1 ಪೂರ್ತಿ ಇಲ್ಲದ, ಸಿಟಿಎಲ್‌ಎ-4 ಅರ್ಧ ಮಾತ್ರ ಇರುವ ಇಲಿಗಳನ್ನು ಸಿದ್ಧಪಡಿಸಿ, ಅವುಗಳ ಉರಿಯುವ ಹೃದಯದಿಂದ ಟಿ ಕೋಶಗಳನ್ನು ಒಂದೊಂದಾಗಿ ಹೆಕ್ಕಿ, ಗ್ರಾಹಕಗಳನ್ನು ಓದಿ, ಅವು ಯಾವ ಪ್ರೋಟೀನಿಗೆ ಕೆರಳುತ್ತವೆ ಎಂದು ಪರೀಕ್ಷಿಸಿದರು. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಉತ್ತರ ಏನಿರಬಹುದು, ನೀವೇ ಹೇಳಿ. ಆಲ್ಫಾ ಮಯೋಸಿನ್! ಪರೀಕ್ಷೆ ಬರೆಯದೆ ಪಾಸಾದ ಆ ಹಳೆಯ ಆಸಾಮಿಗಳೇ. ಇದೇ ತೊಂದರೆಯಾದ ರೋಗಿಗಳ ರಕ್ತದಲ್ಲೂ ಆಲ್ಫಾ ಮಯೋಸಿನ್ ಹುಡುಕುವ ಟಿ ಕೋಶಗಳು ಕಂಡವು.

ಬ್ರೇಕ್ ಕೀಳುವ ಔಷಧಿ ತೆಗೆದುಕೊಳ್ಳದವರಿಗೂ ಹೃದಯದ ಸ್ನಾಯು ಉರಿಯುತ್ತದಲ್ಲ, ಮಯೋಕಾರ್ಡೈಟಿಸ್ ಎನ್ನುತ್ತಾರೆ, ಅಲ್ಲಿ ಈ ಕೋಶಗಳನ್ನು ಕೆಣಕುವವರು ಯಾರು? ಹಳೆಯ ಉತ್ತರ, ವೈರಸ್. ಕಾಕ್ಸಾಕಿ ವೈರಸ್ ಹೃದಯಕ್ಕೆ ನುಗ್ಗಿ ಕೋಶಗಳನ್ನು ಒಡೆಯುತ್ತದೆ, ಒಳಗೆ ಅಡಗಿದ್ದ ಮಯೋಸಿನ್ ಬೀದಿಗೆ ಬೀಳುತ್ತದೆ, ವೈರಸ್ ಹೋದರೂ ಜಗಳ ನಿಲ್ಲುವುದಿಲ್ಲ. ಇದರ ಹಿಂದೆ ಜೀವಮಾನವಿಡೀ ಬಿದ್ದವರು ನೋಯೆಲ್ ರೋಸ್. 1950ರ ದಶಕದಲ್ಲಿ ಹುಡುಗ ವಿಜ್ಞಾನಿಯಾಗಿ ಬಫಲೋ ನಗರದಲ್ಲಿ ಮೊಲಗಳಿಗೆ ಥೈರಾಯ್ಡ್ ಪ್ರೋಟೀನ್ ಚುಚ್ಚಿ, ದೇಹ ತನ್ನನ್ನೇ ತಾನು ಕಾಡಬಲ್ಲದು ಎಂದು ತೋರಿಸಿದವರು. ಪೌಲ್ ಎರ್ಲಿಖ್‌ರಂಥ ದೈತ್ಯ ಅದು ಆಗದ ಮಾತು ಎಂದು ಶತಮಾನದ ಆರಂಭದಲ್ಲೇ ಹೇಳಿಹೋಗಿದ್ದರಿಂದ ಯಾರೂ ಸುಲಭಕ್ಕೆ ನಂಬಲಿಲ್ಲ. 1987ರಲ್ಲಿ ರೋಸ್ ತಂಡ ಇಲಿಗಳಿಗೆ ಬರೀ ಹೃದಯದ ಮಯೋಸಿನ್ ಚುಚ್ಚಿ, ವೈರಸ್ಸಿನ ಹಂಗೇ ಇಲ್ಲದೆ ಮಯೋಕಾರ್ಡೈಟಿಸ್ ತರಿಸಿತು. ಕೆಲವು ತಳಿಗಳಿಗೆ ಮಾತ್ರ ಬಂತು, ಉಳಿದವಕ್ಕೆ ಏನೂ ಆಗಲಿಲ್ಲ. ವಂಶದ ಗುಣವೂ ಸೇರಬೇಕು ಎಂಬುದು ಅಲ್ಲೇ ಕಂಡಿತು. ರೋಸ್ 2020ರಲ್ಲಿ ತೀರಿಕೊಂಡರು, 92 ವರ್ಷ ಬಾಳಿ.

ಹೊಸ ಉತ್ತರ ಮಾತ್ರ ಯಾರೂ ಕನಸಿನಲ್ಲೂ ಎಣಿಸದ ಕಡೆಯಿಂದ ಬಂತು. ಹೊಟ್ಟೆಯಿಂದ! ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ನಿನ ಬುರ್ಕ್‌ಹಾರ್ಡ್ ಲುಡೆವಿಗ್ ತಂಡದ ಬಳಿ, ಮಯೋಸಿನ್ ಹುಡುಕುವ ಟಿ ಕೋಶಗಳನ್ನೇ ಹುಟ್ಟಿನಿಂದ ತುಂಬಿಕೊಂಡ ಇಲಿಗಳಿದ್ದವು. ಅವುಗಳ ಹೃದಯ ತಾನಾಗಿಯೇ ಉರಿದು ಕೆಡುತ್ತಿತ್ತು. ಅದೇ ಇಲಿಗಳನ್ನು ಒಂದೇ ಒಂದು ಸೂಕ್ಷ್ಮಜೀವಿಯೂ ಇಲ್ಲದ ಪೆಟ್ಟಿಗೆಯೊಳಗೆ ಬೆಳೆಸಿದರೆ? ಪ್ರಾಣಕ್ಕೆ ಎರವಾಗುವ ರೋಗ ಬರಲಿಲ್ಲ. ಕರುಳಿನ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್ ಕೊಟ್ಟರೂ ಇಲಿಗಳು ಉಳಿದವು. ಕೆದಕುತ್ತ ಹೋದಾಗ ಸಿಕ್ಕಿದ್ದು ಬ್ಯಾಕ್ಟೀರಾಯ್ಡಿಸ್ ಥೀಟಾಯೊಟಾಮೈಕ್ರಾನ್. ನಾಲಿಗೆ ತೊಡರುವ ಹೆಸರು, ಆದರೆ ನಮ್ಮ ನಿಮ್ಮ ಕರುಳಿನ ಖಾಯಂ ಒಕ್ಕಲು, ಸೊಪ್ಪು ತರಕಾರಿಯ ನಾರನ್ನು ಜೀರ್ಣಿಸಿಕೊಡುವ ಉಪಕಾರಿ. ಅದರ ಒಂದು ಕಿಣ್ವದ ತುಣುಕು ಹೃದಯದ ಮಯೋಸಿನ್ನಿನ ತುಣುಕನ್ನು ಹೋಲುತ್ತದೆ! ಕರುಳಿನಲ್ಲಿ ಆ ತುಣುಕನ್ನು ಕಂಡು ಕೆರಳಿದ ಟಿ ಕೋಶ, ರಕ್ತದಲ್ಲಿ ತೇಲಿ ಹೋಗಿ ಹೃದಯದಲ್ಲಿ ಅದೇ ಮುಖ ಕಂಡು ಮೇಲೆ ಬೀಳುತ್ತದೆ. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಬಂದಾಗ, ಮಯೋಕಾರ್ಡೈಟಿಸ್ ಆದ ಮನುಷ್ಯರಲ್ಲೂ ಈ ಬ್ಯಾಕ್ಟೀರಿಯಾದ ವಿರುದ್ಧ ಟಿ ಕೋಶ ಮತ್ತು ಪ್ರತಿಕಾಯಗಳ ಆರ್ಭಟ ಹೆಚ್ಚಿರುವುದನ್ನೂ ತೋರಿಸಿದ್ದರು.

ಇಷ್ಟು ಹೊತ್ತು ಟಿ ಕೋಶವನ್ನೇ ಹೊಗಳಿಯೋ ತೆಗಳಿಯೋ ಆಯಿತು. ಪ್ರತಿಕಾಯದ ಕಥೆ ಇನ್ನೂ ಮಿಗಿಲು. ಟಿ ಕೋಶ ಖುದ್ದಾಗಿ ಬಂದು ಜಗಳ ಆಡಬೇಕು. ಪ್ರತಿಕಾಯ ಹಾಗಲ್ಲ, ಅದು ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ಬರೀ ಪ್ರೋಟೀನು, ಬಿಟ್ಟ ಬಾಣ. ಒಂದು ದೇಹದಲ್ಲಿ ತಯಾರಾದ ಬಾಣ ಇನ್ನೊಂದು ದೇಹವನ್ನು ನಾಟಬಲ್ಲದು!

ನಾಟುತ್ತದೆ ಕೂಡ. ಗರ್ಭದ 16ರಿಂದ 26ನೇ ವಾರದ ನಡುವೆ, ಸ್ಕ್ಯಾನಿಂಗಿನಲ್ಲಿ ಮಗುವಿನ ಎದೆಬಡಿತ ಇದ್ದಕ್ಕಿದ್ದಂತೆ ನಿಮಿಷಕ್ಕೆ 140ರ ಬದಲು 60ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿರುವುದು ಕಾಣುತ್ತದೆ. ಅಮ್ಮನಿಗೆ ಏನೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಆಕೆಗೆ ಲೂಪಸ್ಸೋ, ಬಾಯಿ ಕಣ್ಣು ಒಣಗುವ ಶೋಗ್ರೆನ್ ರೋಗವೋ ಇದೆ ಎಂಬುದು ಆಗಲೇ ತಿಳಿಯುವುದು. ಆಕೆಯ ರಕ್ತದಲ್ಲಿ ಆಂಟಿ-ರೋ ಎಂಬ ಪ್ರತಿಕಾಯ ಇರುತ್ತದೆ. ಮಗುವಿಗೆ ಹುಟ್ಟಿನಿಂದಲೇ ರಕ್ಷೆ ಸಿಗಲಿ ಎಂದು ಮಾಸು ಅಮ್ಮನ ಪ್ರತಿಕಾಯಗಳನ್ನು ಮುದ್ದಾಂ ದಾಟಿಸುತ್ತದೆ, ಒಳ್ಳೆಯದು ಕೆಟ್ಟದ್ದು ಎಂದು ಆರಿಸುವುದಿಲ್ಲ. ದಾಟಿದ ಆಂಟಿ-ರೋ ಮಗುವಿನ ಹೃದಯದಲ್ಲಿ ಸಹಜವಾಗಿ ಸಾಯುತ್ತಿರುವ ಕೋಶಗಳಿಗೆ ಅಂಟಿಕೊಳ್ಳುತ್ತದೆ. ಆ ಹೆಣಗಳನ್ನು ಸದ್ದಿಲ್ಲದೆ ನುಂಗಬೇಕಿದ್ದ ಭಕ್ಷಕ ಕೋಶಗಳು, ಅಂಟಿದ ಬಾಣ ನೋಡಿ ಕೆರಳುತ್ತವೆ. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಸಂದೇಶ ದಾಟಿಸುವ ಎವಿ ನೋಡ್ ಎಂಬ ಪುಟ್ಟ ಗಂಟು ಗಾಯವಾಗಿ, ಗಟ್ಟಿಯಾಗಿ, ಮೂಕವಾಗುತ್ತದೆ. ಅದೇ ರಕ್ತ, ಅದೇ ಬಾಣ, ಆದರೆ ಅಮ್ಮನ ಹೃದಯಕ್ಕೆ ಗೀರೂ ಇಲ್ಲ! ಆಂಟಿ-ರೋ ಇರುವ ತಾಯಂದಿರಲ್ಲಿ ನೂರಕ್ಕೆ ಒಬ್ಬಿಬ್ಬರ ಮಕ್ಕಳಿಗೆ ಹೀಗಾಗುತ್ತದೆ. ಒಮ್ಮೆ ಆದವರಿಗೆ ಮುಂದಿನ ಬಸಿರಿನಲ್ಲಿ ಮತ್ತೆ ಆಗುವ ಸಂಭವ ನೂರಕ್ಕೆ 18ರಷ್ಟು. ನ್ಯೂಯಾರ್ಕಿನ ಜಿಲ್ ಬೂಯಾನ್ ಮತ್ತು ಸಂಗಡಿಗರು ಆ ತಾಯಂದಿರಿಗೆ ಒಂದು ಹಳೆಯ, ಅಗ್ಗದ ಮಾತ್ರೆ ಕೊಟ್ಟು ನೋಡಿದರು. ಆ ಸಂಭವ ಏಳೂವರೆಯ ಹತ್ತಿರಕ್ಕೆ ಇಳಿಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶ. ಮಾತ್ರೆ ಯಾವುದು ಗೊತ್ತೇ? ಹೈಡ್ರಾಕ್ಸಿಕ್ಲೋರೋಕ್ವಿನ್! ಅದೇ ವರ್ಷ ಕೊರೊನಾಕ್ಕೆ ರಾಮಬಾಣ ಎಂದು ಜಗತ್ತೆಲ್ಲ ಕಾಡಿ ಬೇಡಿದ, ಕೊನೆಗೆ ಉಪಯೋಗವಿಲ್ಲ ಎನಿಸಿಕೊಂಡಿತಲ್ಲ, ಆ ಮಾತ್ರೆ. ಅದರ ನಿಜವಾದ ಪವಾಡ ಯಾವ ಟಿವಿ ಚರ್ಚೆಗೂ ಬರಲಿಲ್ಲ.

ಬಾಣವೆಂದರೆ ಕೊಲ್ಲಲೇಬೇಕೆಂದಿಲ್ಲ, ಗುಂಡಿ ಒತ್ತಿ ಹಿಡಿದರೂ ಸಾಕು. ಅಡ್ರಿನಲಿನ್ ಬಂದು ತಟ್ಟಿದಾಗ ಹೃದಯ ವೇಗವಾಗಿ ಹೊಡೆದುಕೊಳ್ಳುತ್ತದೆ. ಆ ತಟ್ಟುವ ಗುಂಡಿಗೆ ಬೀಟಾ-1 ಗ್ರಾಹಕ ಎಂದು ಹೆಸರು. ಬಿಪಿ ಇರುವವರು ನುಂಗುವ ಬೀಟಾ ಬ್ಲಾಕರ್ ತಡೆಯುವುದು ಇದನ್ನೇ. ಕೆಲವರಲ್ಲಿ ಈ ಗುಂಡಿಯ ವಿರುದ್ಧವೇ ಪ್ರತಿಕಾಯ ಹುಟ್ಟಿ, ಅದನ್ನು ಬಿಡದೆ ಒತ್ತುತ್ತದೆ. ಬಿಡುವಿಲ್ಲದೆ ಓಡಿಸಿದ ಹೃದಯ ತಿಂಗಳುಗಳಲ್ಲಿ ಜೋಲುಬಿದ್ದು ಹಿಗ್ಗುತ್ತದೆ. ಜರ್ಮನಿಯ ರೋಲಾಂಡ್ ಯಾನ್ಸ್ ಮತ್ತಿತರರು 2004ರಲ್ಲಿ ಇಲಿಗಳಲ್ಲಿ ಇಂಥ ಪ್ರತಿಕಾಯ ಬೆಳೆಸಿದರು, ಹೃದಯ ಹಿಗ್ಗಿತು. ಆ ಇಲಿಗಳ ಸೀರಮ್ಮನ್ನು ಅದೇ ತಳಿಯ ಆರೋಗ್ಯವಂತ ಇಲಿಗಳಿಗೆ ಕೊಟ್ಟರು, ಅವುಗಳದ್ದೂ ಹಿಗ್ಗಿತು. ರೋಗವನ್ನು ಸೂಜಿಯಲ್ಲಿ ತುಂಬಿ ದಾಟಿಸಿದ ಹಾಗೆ!

ಇದನ್ನೆಲ್ಲ ಓದಿ ರೋಗನಿರೋಧಕ ಕೋಶಗಳೆಂದರೆ ಹೃದಯದ ಹಗೆಗಳು ಎಂದು ತೀರ್ಮಾನಿಸುವ ಮೊದಲು 2017ರ ಒಂದು ಬೆರಗನ್ನು ಹೇಳಲೇಬೇಕು. ಈಗಷ್ಟೇ ಹೇಳಿದೆನಲ್ಲ, ಎವಿ ನೋಡ್. ಬೋಸ್ಟನ್ನಿನ ಮಥಿಯಾಸ್ ನಾರೆನ್‌ಡೋರ್ಫ್ ತಂಡ ಅದನ್ನು ಹಿಗ್ಗಿಸಿ ನೋಡಿದಾಗ ಅಲ್ಲಿ ಭಕ್ಷಕ ಕೋಶಗಳು ಖಾಯಮ್ಮಾಗಿ ಬಿಡಾರ ಹೂಡಿದ್ದವು. ಉರಿಯೂತವಿಲ್ಲ, ಸೋಂಕಿಲ್ಲ, ಸುಮ್ಮನೆ ಇದ್ದವು. ಏನು ಮಾಡುತ್ತಿದ್ದವು? ಹೃದಯದ ಕೋಶಗಳಿಗೆ ತಂತಿ ಜೋಡಿಸಿದಂತೆ ಮೈಗೆ ಮೈ ಬೆಸೆದುಕೊಂಡು ವಿದ್ಯುತ್ ಸಂದೇಶ ದಾಟಲು ಕೈಜೋಡಿಸುತ್ತಿದ್ದವು! ಇಲಿಗಳಲ್ಲಿ ಅವನ್ನು ಇಲ್ಲವಾಗಿಸಿದರೆ ಸಂದೇಶ ನಡುವೆಯೇ ಕಡಿಯುತ್ತದೆ. ಮೂರು ವರ್ಷದ ನಂತರ ಮ್ಯಾಡ್ರಿಡ್ಡಿನ ಆಂಡ್ರೆಸ್ ಹಿಡಾಲ್ಗೊ ತಂಡ ಇನ್ನೊಂದನ್ನು ತೋರಿಸಿತು. ದಣಿವರಿಯದ ಹೃದಯದ ಕೋಶಗಳು ತಮಗೆ ಶಕ್ತಿ ಒದಗಿಸಿ ಸವೆದುಹೋದ ಮೈಟೊಕಾಂಡ್ರಿಯಾಗಳನ್ನು ಗಂಟು ಕಟ್ಟಿ ಹೊರಗೆ ಎಸೆಯುತ್ತವೆ, ಈ ಭಕ್ಷಕ ಕೋಶಗಳು ಅದನ್ನು ಬಾಚಿ ನುಂಗುತ್ತವೆ. ನಮ್ಮ ಬೀದಿಗೆ ಬೆಳಗ್ಗೆ ಕಸದ ಗಾಡಿ ಬರುವುದು ಒಂದು ದಿನ ತಪ್ಪಿದರೆ ಏನಾಗುತ್ತದೆ ಗೊತ್ತಲ್ಲ. ಹೃದಯದಲ್ಲಿ ಅದು ತಪ್ಪುವಂತಿಲ್ಲ.

ಹೀಗಾಗಿಯೇ ಚಿಕಿತ್ಸೆ ಕತ್ತಿಯ ಮೇಲಿನ ನಡಿಗೆ. ಎಲ್ಲವನ್ನೂ ಸ್ಟೀರಾಯ್ಡಿನಿಂದ ಅದುಮಿದರೆ ಆಗದು. 1995ರ ದೊಡ್ಡ ಪ್ರಯೋಗವೊಂದರಲ್ಲಿ ಮಯೋಕಾರ್ಡೈಟಿಸ್ ಆದ 111 ರೋಗಿಗಳನ್ನು ವಿಂಗಡಿಸಿ ನೋಡಿದರೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಯಿಂದ ಏನೂ ಲಾಭ ಕಾಣಲಿಲ್ಲ. ಹಲವರು ಕೈಚೆಲ್ಲಿದರು. ರೋಮಿನ ಆಂಡ್ರಿಯಾ ಫ್ರುಸ್ತಾಚಿ ಮಾತ್ರ ಬಿಡಲಿಲ್ಲ. ಹೃದಯದ ಚೂರನ್ನು ಬಯಾಪ್ಸಿ ತೆಗೆದು ಅದರೊಳಗೆ ವೈರಸ್ ಇದೆಯೇ, ರಕ್ತದಲ್ಲಿ ಹೃದಯದ ವಿರುದ್ಧ ಪ್ರತಿಕಾಯ ಇದೆಯೇ ಎಂದು ಎರಡನ್ನೂ ನೋಡಿದರು. ಔಷಧಿಯಿಂದ ಚೇತರಿಸಿಕೊಂಡ 21 ಜನರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಪ್ರತಿಕಾಯ ಇತ್ತು. ಚೇತರಿಸದ 20 ಜನರಲ್ಲಿ ಒಬ್ಬರಿಗೂ ಇರಲಿಲ್ಲ, 17 ಜನರ ಹೃದಯದಲ್ಲಿ ವೈರಸ್ ಕೂತಿತ್ತು! ಕಾಯಿಲೆಗೆ ಒಂದೇ ಹೆಸರು, ಒಳಗೆ ಎರಡು ರೋಗ. ಒಬ್ಬರಿಗೆ ಅಮೃತವಾದ ಔಷಧಿ ಇನ್ನೊಬ್ಬರಲ್ಲಿ ವೈರಸ್ಸಿಗೆ ದಾರಿ ಬಿಟ್ಟುಕೊಡುತ್ತದೆ. 2003ರ ಈ ಪ್ರಬಂಧ ನನ್ನ ಮಟ್ಟಿಗೆ ಇಡೀ ಕ್ಷೇತ್ರದ ಅತ್ಯಂತ ಜಾಣ ಪ್ರಬಂಧ. ಇನ್ನು ಬ್ರೇಕ್ ಕಳಚಿ ಉರಿದವರಿಗೆ ಅಬಟಾಸೆಪ್ಟ್ ಎಂಬ, ಕಳಚಿದ ಬ್ರೇಕಿನ ಕೆಲಸವನ್ನೇ ಮಾಡುವ ಔಷಧಿಯನ್ನು 2019ರಿಂದ ಕೊಟ್ಟು ನೋಡುತ್ತಿದ್ದಾರೆ, ಬದುಕಿ ಮನೆಗೆ ಹೋದವರಿದ್ದಾರೆ.

ನ್ಯಾಶ್‌ವಿಲ್, ಕ್ಯೋಟೊ, ರೋಮ್ ಎಂದು ಅಲೆದದ್ದಾಯಿತು. ಈ ಕಾಯಿಲೆಗಳ ಪೈಕಿ ಅತಿ ಹೆಚ್ಚು ಜನರನ್ನು ಕಾಡುವುದು ನಮ್ಮ ಮನೆಬಾಗಿಲಲ್ಲೇ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ಮೂರು ವಾರಕ್ಕೊಮ್ಮೆ ಕ್ಲಾಸು ತಪ್ಪಿಸುವ ಗೆಳೆಯನೊಬ್ಬನಿದ್ದ. ಸೂಜಿ ಹಾಕಿಸಲು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಿದ್ದ. ಗಣಿತದ ಪೀರಿಯಡ್ಡು ತಪ್ಪುತ್ತದಲ್ಲ, ಪುಣ್ಯವಂತ ಎಂದು ನಾವೆಲ್ಲ ಅಸೂಯೆಪಡುತ್ತಿದ್ದೆವು. ಅವನಿಗೆ ರುಮ್ಯಾಟಿಕ್ ಜ್ವರ ಬಂದುಹೋಗಿತ್ತು ಎಂಬುದು ನನಗೆ ಅರ್ಥವಾದದ್ದು ದೊಡ್ಡವನಾದ ಮೇಲೆ.

ಐದರಿಂದ ಹದಿನೈದು ವರ್ಷದ ಮಗುವಿಗೆ ಗಂಟಲು ನೋವು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ವಾರದಲ್ಲಿ ತಾನಾಗಿಯೇ ವಾಸಿ. ಎರಡು ಮೂರು ವಾರ ಕಳೆದ ಮೇಲೆ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ಊತ. ಅದೂ ವಾಸಿ! ಆದರೆ ಆ ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನು ಹೃದಯದ ಮಯೋಸಿನ್ನನ್ನು ಹೋಲುತ್ತದೆ. ಅದಕ್ಕೆಂದು ಮಾಡಿದ ಪ್ರತಿಕಾಯ ಹೃದಯದ ಕವಾಟದ ಮೇಲ್ಪದರಕ್ಕೆ ಅಂಟಿ ಬಾಗಿಲು ತೆರೆಯುತ್ತದೆ, ತೆರೆದ ಬಾಗಿಲಿನಿಂದ ಟಿ ಕೋಶ ನುಗ್ಗುತ್ತದೆ. ಇಲ್ಲಿ ಇಬ್ಬರೂ ಜೊತೆಗಾರರು. ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುವ ರೋಗ ಎಂದು ವೈದ್ಯಕೀಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಇದನ್ನೇ. ಪ್ರತಿ ಹೊಸ ಗಂಟಲು ಸೋಂಕಿಗೂ ಹಳೆಯ ಜಗಳ ಮರುಕಳಿಸಿ, ರೇಷ್ಮೆಯಂಥ ಕವಾಟ ಚರ್ಮದಂತೆ ದಪ್ಪಗಾಗಿ ಅಂಟಿಕೊಳ್ಳುತ್ತದೆ. ಮೊದಲ ಬಸಿರಿನಲ್ಲಿ ಏದುಸಿರು ಬಂದಾಗಲೇ ಎಷ್ಟೋ ಹೆಣ್ಣುಮಕ್ಕಳಿಗೆ ಕವಾಟ ಕೆಟ್ಟಿದೆ ಎಂದು ತಿಳಿಯುವುದು. ಜಗತ್ತಿನಲ್ಲಿ ಇಂಥ ಹೃದಯ ಹೊತ್ತವರು ನಾಲ್ಕು ಕೋಟಿಗೂ ಹೆಚ್ಚು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಹೀಗೆ ಅಂಟಿದ ಕವಾಟ ಬಿಡಿಸುತ್ತಾರೆ. ಜಪಾನಿನ ಕಾಂಜಿ ಇನೋವೆ 1980ರ ದಶಕದಲ್ಲಿ ತಂದ ವಿಧಾನ ಅದು.

ತಡೆಯುವುದು ಮಾತ್ರ ಎಷ್ಟು ಸುಲಭ ನೋಡಿ. ಇಷ್ಟೆಲ್ಲ ಬ್ಯಾಕ್ಟೀರಿಯಾಗಳು ಔಷಧಿಗಳಿಗೆ ಜಗ್ಗದೆ ನಿಂತಿರುವ ಈ ಕಾಲದಲ್ಲೂ ಗಂಟಲಿನ ಈ ಸ್ಟ್ರೆಪ್ಟೊಕಾಕಸ್, ಎಂಬತ್ತು ವರ್ಷ ಹಳೆಯ ಪೆನಿಸಿಲಿನ್ನಿಗೆ ಇವತ್ತಿಗೂ ಸೋಲುತ್ತದೆ! ನೋವು ಶುರುವಾಗಿ ಒಂಬತ್ತು ದಿನದೊಳಗೆ ಕೊಟ್ಟರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಒಮ್ಮೆ ಜ್ವರ ಬಂದವರಿಗೆ, ನಮ್ಮಲ್ಲಿ ಪೆನಿಡ್ಯೂರ್ ಎಂದೇ ಹೆಸರಾದ ಸೂಜಿ, 21 ದಿನಕ್ಕೊಂದು. ಕೆಲವರಿಗೆ ಹತ್ತು ವರ್ಷ, ಕೆಲವರಿಗೆ ನಲವತ್ತರ ವಯಸ್ಸಿನವರೆಗೂ. ನೋವು ಜಾಸ್ತಿ, ನಿಜ. ಕುಂಟುತ್ತ ಬರುತ್ತಿದ್ದ ಆ ಗೆಳೆಯ ಈಗಲೂ ಗಟ್ಟಿಮುಟ್ಟಾಗಿದ್ದಾನೆ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಈ ಸೂಜಿ ಹಾಕಿಸಿಕೊಳ್ಳುವ ಮಗು ಇದ್ದರೆ, ಈಗ ಚೆನ್ನಾಗಿಯೇ ಇದೆಯಲ್ಲ ಎಂದು ನಿಲ್ಲಿಸಬೇಡಿ. ಮುಂದಿನ 21ನೇ ದಿನ ಯಾವತ್ತು ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿಡಿ.